ಹಳೆಯ ಮಜ್ದಾ ಎಂಎಕ್ಸ್-5 ಕಾರನ್ನು ಮನೆಯಲ್ಲೇ ದುರಸ್ತಿ ಮಾಡಿಕೊಳ್ಳಬಹುದೇ?

1989ರಲ್ಲಿ ಬಂದ ಮೊದಲ ತಲೆಮಾರಿನ ಎಂಎಕ್ಸ್-5 ಕಾರಿನಲ್ಲಿ ಮೊದಲು ಯಾವುದಕ್ಕೆ ಕೈ ಹಾಕಬೇಕೆಂದು ಕೇಳಿದ್ದೀರಿ. ಸರಳ ರಚನೆಯ ಕಾರಾದ್ದರಿಂದ ಬಹುಪಾಲು ಕೆಲಸಗಳನ್ನು ತಾಳ್ಮೆಯುಳ್ಳವರು ತಾವೇ ಮಾಡಿಕೊಳ್ಳಬಹುದು; ಆದರೆ ಎಂಜಿನ್‌ಗಿಂತ ಮೊದಲು ತುಕ್ಕನ್ನು ಹುಡುಕಿ.

ಮಡಚುವ ಮೇಲ್ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದೆ ಎರಡೂ ಬದಿಯಲ್ಲಿರುವ ರಂಧ್ರಗಳ ಮೂಲಕ ಕೆಳಗಿಳಿಯಬೇಕು. ಎಲೆ, ಮಣ್ಣು ಸೇರಿ ಅವು ಕಟ್ಟಿಕೊಂಡರೆ ನೀರು ಒಳಕ್ಕೆ ಉಕ್ಕಿ ಬಾಗಿಲಿನ ಕೆಳಗಿನ ಸಿಲ್‌ಗಳಲ್ಲಿ ನಿಲ್ಲುತ್ತದೆ, ಮತ್ತು ಹಿಂಚಕ್ರದ ಮುಂದಿನ ಭಾಗದಲ್ಲಿ ಬಣ್ಣ ಉಬ್ಬಿದ್ದು ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಒಳಗಿನ ತಗಡು ಸಾಕಷ್ಟು ಸವೆದಿರುತ್ತದೆ. ಮೃದುವಾದ ಪ್ಲಾಸ್ಟಿಕ್ ಕಡ್ಡಿಯಿಂದ ಆ ರಂಧ್ರಗಳನ್ನು ಬಿಡಿಸುವುದು ಖರ್ಚಿಲ್ಲದ ಕೆಲಸ; ಸಿಲ್‌ ಬೆಸುಗೆ ಹಾಗಲ್ಲ.

ಎಂಜಿನ್‌ನ ವಾಲ್ವ್‌ಗಳು (ಗಾಳಿ, ಹೊಗೆಯ ಕವಾಟಗಳು) ಪಿಸ್ಟನ್‌ಗಳ ಚಲನೆಗೆ ಸರಿಯಾಗಿ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಟೈಮಿಂಗ್ ಬೆಲ್ಟನ್ನು ಸುಮಾರು 1,00,000 ಕಿಲೋಮೀಟರಿಗೊಮ್ಮೆ ಬದಲಿಸಬೇಕು. ಮೂಲ ಸ್ಥಿತಿಯ 1.6 ಲೀಟರ್ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೂ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುವುದಿಲ್ಲ, ಕಾರು ದಾರಿಯಲ್ಲಿ ನಿಲ್ಲುತ್ತದೆ ಅಷ್ಟೆ. ಬೆಲ್ಟ್ ಬದಲಿಸಲು ಹೇಗೂ ಬಿಚ್ಚಿರುವಾಗ, ಎಂಜಿನ್ ತಣಿಸುವ ನೀರನ್ನು ಹರಿಸುವ ವಾಟರ್ ಪಂಪನ್ನೂ ಆಗಲೇ ಬದಲಿಸುವುದು ಜಾಣತನ. ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಹೊಸದನ್ನು ತುಂಬಿ. ಕಾರಿನಡಿ ನುಸುಳುವ ಮುನ್ನ, ಬರೀ ಜ್ಯಾಕನ್ನು ನಂಬದೆ, ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಅದನ್ನು ನಿಲ್ಲಿಸಿ.