ಚೀನೀ ಭಾಷೆಯ ಕಾಲಸೂಚಕ ಪದಗಳಿಗೆ ಕನ್ನಡ ಅರ್ಥಗಳ ಒಳ್ಳೆಯ ಪಟ್ಟಿ ಎಲ್ಲಿ ಸಿಗುತ್ತದೆ?
ನೀವು ಹುಡುಕುತ್ತಿರುವಂಥ ಪಟ್ಟಿಯೊಂದನ್ನು ನಾನೇ ಕೈಯಾರೆ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. 2013ರಲ್ಲಿ, ಚೀನಾದ ಯೀವೂ ನಗರದ ಸಗಟು ಮಾರುಕಟ್ಟೆಯಿಂದ ಭಾರತಕ್ಕೆ ಸರಕು ಕಳುಹಿಸುವ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದೆ. ಸೆಪ್ಟೆಂಬರ್ ಕೊನೆಯ ವಾರ, ದೀಪಾವಳಿಯ ವಿದ್ಯುತ್ ದೀಪದ ಸರಗಳ ಬಗ್ಗೆ ಕಾರ್ಖಾನೆಯಿಂದ ಸಂದೇಶ ಬಂತು: ‘ಹುವೋ ಹೋಥಿಯೆನ್ ತಾವ್’. ಹುವೋ ಎಂದರೆ ಸರಕು, ಥಿಯೆನ್ ಎಂದರೆ ದಿನ, ತಾವ್ ಎಂದರೆ ತಲುಪುವುದು. ನನ್ನ ಪಟ್ಟಿಯಲ್ಲಿ ‘ಹೋ’ ಎಂಬುದರ ಎದುರು ‘ಹಿಂದೆ’ ಎಂದಿತ್ತು. ಸರಕು ಹಿಂದಿನ ದಿನವೇ ಗೋದಾಮಿಗೆ ಬಂದಿದೆಯೆಂದು ತಿಳಿದು, ನಿಂಗ್ಬೋ ಬಂದರಿಗೆ ಹೋಗುವ ಕಂಟೇನರನ್ನು ಮರುದಿನ ಬೆಳಿಗ್ಗೆಗೇ ಕರೆಸಿಬಿಟ್ಟೆ. ಹೋಥಿಯೆನ್ ಎಂದರೆ ನಾಡಿದ್ದು.

ನಮಗೆ ಬರಲಿರುವ ಕಾಲ ಮುಂದಿದೆ, ಕಳೆದದ್ದು ಹಿಂದಿದೆ. ಚೀನೀಯರ ಈ ಪದಗಳಲ್ಲಿ ದಿನಗಳು ಸಾಲಾಗಿ ನಡೆದಂತೆ ಇರುತ್ತವೆ. ಮೊದಲು ಹೋದದ್ದು ಮುಂದೆ, ತಡವಾಗಿ ಬರುವುದು ಹಿಂದೆ. ಹಾಗಾಗಿ ‘ಮುಂದಿನ ದಿನ’ ಎಂಬ ಅರ್ಥ ಕೊಡುವ ಛಿಯೆನ್‌ಥಿಯೆನ್ ಅವರಿಗೆ ಮೊನ್ನೆ. ಕನ್ನಡದಲ್ಲಾದರೆ ‘ಬಂತು’, ‘ಬರುತ್ತದೆ’ ಎಂಬ ಕ್ರಿಯಾಪದವೇ ನನ್ನನ್ನು ಎಚ್ಚರಿಸುತ್ತಿತ್ತು, ಆದರೆ ಚೀನೀ ಕ್ರಿಯಾಪದಕ್ಕೆ ಕಾಲಪ್ರತ್ಯಯವಿಲ್ಲ. ನಿನ್ನೆಗೂ ನಾಳೆಗೂ ಅದೇ ‘ತಾವ್’. ಕಾಲದ ಭಾರವನ್ನೆಲ್ಲ ಹೊತ್ತಿದ್ದ ಆ ಒಂದೇ ಪದವನ್ನು ನಾನು ತಿರುವುಮುರುವಾಗಿ ಓದಿದ್ದೆ. ಗೋದಾಮಿನವರನ್ನು ಒಂದು ಮಾತು ಕೇಳಿದ್ದರೂ ಸಾಕಿತ್ತು. ಕಂಟೇನರ್ ದೀಪಗಳಿಲ್ಲದೆ ಹೊರಟಿತು, ಅಕ್ಟೋಬರ್ 1ರ ರಾಷ್ಟ್ರೀಯ ದಿನದ ರಜೆಗಳು ಅಡ್ಡ ಬಂದವು, ಸರಕು ಅಂಗಡಿ ತಲುಪುವ ಹೊತ್ತಿಗೆ ಹಬ್ಬ ಮುಗಿದಿತ್ತು. ಆ ವ್ಯಾಪಾರಿಯ ನಷ್ಟ ಇಂದಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ಒಳ್ಳೆಯ ಪಟ್ಟಿ ಯಾವುದೆಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕನ್ನಡದಲ್ಲೇ ‘ಮುಂದೆ’ ಬರುವ ಕಾಲವಾದರೆ ‘ಮುಂಚೆ’ ಕಳೆದ ಕಾಲ. ಇವನ್ನು ನಾವು ಬಿಡಿಯಾಗಿ ಕಲಿತವರಲ್ಲ, ಮಾತಿನಲ್ಲಿ ಕಲಿತವರು. ನಾವು ಊಟವಾದ ‘ಮೇಲೆ’ ಎಂದರೆ ನಂತರ. ಅವರಿಗೆ ಮೇಲೆ ಎಂಬರ್ಥದ ‘ಶಾಂಗ್’ ಸೇರಿದ ವಾರ ಕಳೆದ ವಾರ, ಕೆಳಗೆ ಎಂಬರ್ಥದ ‘ಶ್ಯಾ’ ಸೇರಿದ್ದು ಬರುವ ವಾರ. ಯಾವ ಪದವನ್ನೇ ಆಗಲಿ ಇಡೀ ವಾಕ್ಯದೊಂದಿಗೆ ಕಲಿಯಿರಿ.

ನುಡಿಗಟ್ಟುಗಳಿಗೆ ನೀವು ಅಷ್ಟು ಹೆದರಬೇಕಿಲ್ಲ. ‘ಮಾಶಾಂಗ್’ ಎಂದರೆ ಕುದುರೆಯ ಮೇಲೆ, ಅಂದರೆ ತಕ್ಷಣ. ಒಮ್ಮೆ ಕೇಳಿದರೆ ಮರೆಯುವುದಿಲ್ಲ. ‘ಛಾನಾ’ ಎಂಬುದಂತೂ ಬೌದ್ಧ ಗ್ರಂಥಗಳೊಂದಿಗೆ ಅಲ್ಲಿಗೆ ಹೋದ ನಮ್ಮ ‘ಕ್ಷಣ’ವೇ. ಆದರೆ ಹಣ, ಸರಕು, ಪ್ರಯಾಣದ ಮಾತು ಬಂದಾಗ ಇವಾವುದನ್ನೂ ನೆಚ್ಚಬೇಡಿ. ‘ಜಿ ಹಾವ್?’ ಎಂದು ಕೇಳಿ, ಎಷ್ಟನೇ ತಾರೀಖು ಎಂಬುದನ್ನು ಅಂಕಿಯಲ್ಲಿ ಬರೆಸಿಕೊಳ್ಳಿ.