ಜೋರಾಗಿ ಬ್ರೇಕ್ ತುಳಿದರೆ ಪೆಡಲ್ ಕಾಲಿಗೆ ಒದೆಯುತ್ತದೆ, ಬ್ರೇಕ್ ಕೆಟ್ಟಿದೆಯಾ?

ಕೊರಟಗೆರೆ ದಾಟಿ ಮಧುಗಿರಿ ಕಡೆ ಹೋಗುವಾಗ ಅರ್ಧ ರಸ್ತೆಗೆ ರಾಗಿ ಒಕ್ಕಣೆ ಹಾಕಿದ್ದರು, ಎದುರಿಗೆ ಟ್ರ್ಯಾಕ್ಟರ್ ಬಂತು, ಜೋರಾಗಿ ಬ್ರೇಕ್ ತುಳಿದೆ, ಪೆಡಲ್ ಗಡಗಡ ಅಂತ ಕಾಲಿಗೆ ಒದೆಯಿತು, ಹೆದರಿ ಕಾಲು ತೆಗೆದೆ ಅಂತ ಬರೆದಿದ್ದೀರಿ. ಈ ಎಬಿಎಸ್ (ಬ್ರೇಕ್ ತುಳಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), ಇಎಸ್‌ಸಿ (ಗಾಡಿ ಜಾರಿ ದಾರಿ ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆ) ನಿಜಕ್ಕೂ ಏನು ಮಾಡುತ್ತವೆ ಅಂತಲೂ ಕೇಳಿದ್ದೀರಿ.

ನಿಮ್ಮ ಬ್ರೇಕ್ ಕೆಟ್ಟಿಲ್ಲ. ಆ ಒದೆತ ಬಂತು ಅಂದರೆ ಎಬಿಎಸ್ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಆಗ ಕಾಲು ತೆಗೆಯಲೇಬಾರದು. ನಾನು ತುಮಕೂರಿನಲ್ಲಿ ಗ್ಯಾರೇಜ್ ನಡೆಸುತ್ತೇನೆ. ನಿಮ್ಮ ಹಾಗೇ ಗಾಬರಿಯಾಗಿ ಕಾಲು ಎತ್ತಿದವರು ಎಷ್ಟೋ ಜನ ನನ್ನ ಹತ್ತಿರ ಬಂದಿದ್ದಾರೆ. ಗಾಡಿ ಕೊಡುವಾಗ ಈ ಒಂದು ಮಾತು ಯಾರೂ ಹೇಳಿಕೊಡುವುದಿಲ್ಲ ಅನ್ನೋದು ನನಗೆ ಬೇಜಾರು.

ಕಲ್ಯಾಣಿಯ ಪಾಚಿ ಮೆಟ್ಟಿಲ ಮೇಲೆ ಕಾಲು ಜಾರಿದ್ದು ನೆನಪಿದೆಯಾ? ಒಮ್ಮೆ ಜಾರಿದ ಮೇಲೆ ಪಾದವನ್ನು ಯಾವ ಕಡೆ ತಿರುಗಿಸಿದರೂ ಅಷ್ಟೇ, ಜಾರಿದ ಕಡೆಗೇ ಹೋಗುತ್ತೇವೆ. ಟೈರೂ ಹಾಗೇ. ಉರುಳುತ್ತಿರುವ ತನಕ ಅದಕ್ಕೆ ರಸ್ತೆಯ ಹಿಡಿತ ಇರುತ್ತದೆ. ಪೂರ್ತಿ ಜಾಮ್ ಆಗಿ ಉಜ್ಜಿಕೊಂಡು ಹೋಗಲು ಶುರುವಾದರೆ ಸ್ಟೇರಿಂಗ್ ತಿರುಗಿಸಿಯೂ ಪ್ರಯೋಜನ ಇಲ್ಲ. ಮುಂದಿನ ಚಕ್ರ ಓರೆಯಾಗಿರುತ್ತದೆ, ಗಾಡಿ ಮಾತ್ರ ನೇರ ಹೋಗುತ್ತಿರುತ್ತದೆ.

ಅದಕ್ಕೇ ನಮ್ಮ ತಂದೆ ಅಂಬಾಸಿಡರ್‌ನಲ್ಲಿ ನನಗೆ ಡ್ರೈವಿಂಗ್ ಕಲಿಸುವಾಗ "ಬ್ರೇಕ್ ಬಿಟ್ಟು ಬಿಟ್ಟು ತುಳಿ" ಅನ್ನುತ್ತಿದ್ದರು. ಎಬಿಎಸ್ ಮಾಡುವುದೂ ಅದನ್ನೇ. ಆದರೆ ಪ್ರತಿ ಚಕ್ರಕ್ಕೂ ಬೇರೆ ಬೇರೆಯಾಗಿ, ಸೆಕೆಂಡಿಗೆ ಹತ್ತು ಹದಿನೈದು ಸಲ. ಯಾವ ಕಾಲಿಗೂ ಆ ವೇಗ ಬರುವುದಿಲ್ಲ.

ಪ್ರತಿ ಚಕ್ರದ ಹತ್ತಿರ ಒಂದು ಸಣ್ಣ ಸೆನ್ಸರ್ ಇರುತ್ತದೆ. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಅದು ಸತತವಾಗಿ ಲೆಕ್ಕ ಕೊಡುತ್ತಿರುತ್ತದೆ. ಅರವತ್ತರಲ್ಲಿ ಹೋಗುವ ಕಾರು ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲಲು ಆಗುವುದಿಲ್ಲ, ಆದರೆ ಜಾಮ್ ಆಗುವ ಚಕ್ರ ನಿಂತುಬಿಡುತ್ತದೆ. ಒಂದು ಚಕ್ರದ ಲೆಕ್ಕ ಹಾಗೆ ದಿಢೀರ್ ಬಿದ್ದರೆ ಇದು ಜಾರುತ್ತಿದೆ ಅಂತ ಕಂಪ್ಯೂಟರಿಗೆ ಗೊತ್ತಾಗುತ್ತದೆ. ತಕ್ಷಣ ಆ ಚಕ್ರಕ್ಕೆ ಹೋಗುವ ಬ್ರೇಕ್ ಆಯಿಲ್‌ನ ದಾರಿಯನ್ನು ಒಂದು ವಾಲ್ವ್ ಮುಚ್ಚುತ್ತದೆ. ಅದು ಸಾಲದಿದ್ದರೆ ಇನ್ನೊಂದು ವಾಲ್ವ್ ತೆರೆದು ಸ್ವಲ್ಪ ಒತ್ತಡ ಇಳಿಸುತ್ತದೆ. ಹಾಗೆ ಹೊರಬಂದ ಆಯಿಲನ್ನು ಒಂದು ಪಂಪ್ ವಾಪಸ್ ಮಾಸ್ಟರ್ ಸಿಲಿಂಡರ್ ಕಡೆಗೆ, ಅಂದರೆ ಪೆಡಲ್ ತುಳಿದಾಗ ಆಯಿಲ್ ಒತ್ತುವ ಸಿಲಿಂಡರ್ ಕಡೆಗೆ, ದೂಡುತ್ತದೆ. ನಿಮ್ಮ ಕಾಲಿಗೆ ಒದೆದದ್ದು ಅದೇ.

ಒಮ್ಮೆ ಎಬಿಎಸ್ ದೀಪ ಆರುತ್ತಲೇ ಇಲ್ಲ ಅಂತ ಒಂದು ಗಾಡಿ ಬಂತು. ಬೇರೆ ಕಡೆ ಮುಂದಿನ ಬೇರಿಂಗ್ ಹಾಕಿಸಿದ್ದರಂತೆ, ಆಮೇಲಿಂದ ಹೀಗೆ. ಸೆನ್ಸರ್ ಚೆನ್ನಾಗಿತ್ತು, ವೈರ್ ಚೆನ್ನಾಗಿತ್ತು. ಕೊನೆಗೆ ಬೇರಿಂಗ್ ಬಿಚ್ಚಿದರೆ ಅದನ್ನು ಉಲ್ಟಾ ಹಾಕಿದ್ದರು. ಅಂಥ ಬೇರಿಂಗಿನ ಒಂದು ಮುಖದಲ್ಲಿ ಕಪ್ಪು ಸೀಲ್ ಇರುತ್ತದೆ, ಅದರೊಳಗೆ ಸುತ್ತಲೂ ಸಣ್ಣ ಸಣ್ಣ ಅಯಸ್ಕಾಂತ. ನೋಡಿದರೆ ಬರೀ ರಬ್ಬರ್ ಅನಿಸುತ್ತದೆ. ಹೊರಗೆ ತೆಗೆದ ಆ ಬೇರಿಂಗಿನ ಮೇಲೆ ಗ್ರೈಂಡರ್ ಕೆಳಗಿನ ಕಬ್ಬಿಣದ ಪುಡಿ ಉದುರಿಸಿದೆ. ಪುಡಿ ಗಡಿಯಾರದ ಗೀಟುಗಳ ಹಾಗೆ ಸುತ್ತಲೂ ಸಾಲಾಗಿ ನಿಂತಿತು. ನಮ್ಮ ಹುಡುಗರೆಲ್ಲ ಬಗ್ಗಿ ನೋಡಿದರು. ಸೆನ್ಸರ್ ಎಣಿಸುವುದು ಆ ಗೀಟುಗಳನ್ನೇ. ಉಲ್ಟಾ ಹಾಕಿದರೆ ಎಣಿಸಲು ಅದರ ಎದುರಿಗೆ ಏನೂ ಇರುವುದಿಲ್ಲ.

ಇನ್ನು ಇಎಸ್‌ಸಿ. ಎಬಿಎಸ್‌ನ ಅದೇ ಸೆನ್ಸರ್, ಅದೇ ಪಂಪ್, ಅದರ ಮೇಲೆ ಇನ್ನೂ ಕೆಲವು ಸೆನ್ಸರ್. ಸ್ಟೇರಿಂಗ್ ಎಷ್ಟು ತಿರುಗಿದೆ ಅಂತ ಒಂದು ನೋಡುತ್ತದೆ. ಗಾಡಿ ನಿಜಕ್ಕೂ ಎಷ್ಟು ತಿರುಗುತ್ತಿದೆ, ಪಕ್ಕಕ್ಕೆ ಎಷ್ಟು ಎಳೆಯುತ್ತಿದೆ ಅಂತ ಇನ್ನೆರಡು ನೋಡುತ್ತವೆ. ನೀವು ಕೇಳಿದ್ದಕ್ಕೂ ಗಾಡಿ ಮಾಡುತ್ತಿರುವುದಕ್ಕೂ ತಾಳೆ ಆಗದಿದ್ದರೆ ಅದು ತಾನೇ ಒಂದೇ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ನೀವು ಬ್ರೇಕ್ ಮುಟ್ಟಿರಲೇಬೇಕು ಅಂತಿಲ್ಲ. ತಿರುವಿನಲ್ಲಿ ಗಾಡಿಯ ಹಿಂಭಾಗ ಹೊರಗೆ ಬೀಸಿದರೆ ಹೊರಬದಿಯ ಮುಂದಿನ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ತಿರುಗದೆ ನೇರ ಹೋಗುತ್ತಿದ್ದರೆ ಒಳಬದಿಯ ಹಿಂದಿನ ಚಕ್ರಕ್ಕೆ. ಬೇಕಾದರೆ ಎಂಜಿನ್ ಜೋರನ್ನೂ ತಗ್ಗಿಸುತ್ತದೆ. ಕಾರುಗಳಲ್ಲಿ ಈಗಿನಂಥ ಎಬಿಎಸ್ ಬಂದದ್ದು 1978ರಲ್ಲಿ, ಈ ಸ್ಥಿರತೆಯ ಕಂಟ್ರೋಲ್ 1995ರಲ್ಲಿ. ಎರಡೂ ಬಾಷ್ ಕಂಪನಿಯವು, ಮೊದಲು ಮರ್ಸಿಡಿಸ್ ಗಾಡಿಗಳಿಗೆ ಬಂದವು. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ.

ನಿಮಗೆ ಆದದ್ದನ್ನೇ ನೋಡೋಣ. ಎಡಗಡೆ ಎರಡು ಚಕ್ರ ರಾಗಿ ಹುಲ್ಲಿನ ಮೇಲೆ, ಬಲಗಡೆ ಎರಡು ಡಾಂಬರಿನ ಮೇಲೆ. ಬ್ರೇಕ್ ಹಾಕಿದಾಗ ಡಾಂಬರ್ ಕಡೆಯ ಚಕ್ರ ಹಿಡಿಯುತ್ತದೆ, ಹುಲ್ಲಿನ ಕಡೆಯದು ಜಾರುತ್ತದೆ. ಗಾಡಿ ಬಲಕ್ಕೆ, ಅಂದರೆ ಎದುರಿನ ಟ್ರ್ಯಾಕ್ಟರ್ ಕಡೆಗೇ ತಿರುಗಲು ನೋಡುತ್ತದೆ. ಈ ಎಳೆತವನ್ನು ಹತೋಟಿಯಲ್ಲಿಡಲು ಎಬಿಎಸ್ ಮತ್ತು ಇಎಸ್‌ಸಿ ಎರಡೂ ನೋಡುತ್ತವೆ. ಇವಿಲ್ಲದ ಹಳೇ ಗಾಡಿ ಅಲ್ಲೇ ಸುತ್ತು ಹೊಡೆಯಬಹುದಿತ್ತು.

ಆದರೆ ಒಂದು ಮಾತು. ಹುಲ್ಲಿನ ಮೇಲೆ ಹಿಡಿತವೇ ಇಲ್ಲದಿದ್ದರೆ ಎಬಿಎಸ್ ಅದನ್ನು ಎಲ್ಲಿಂದ ತರುತ್ತದೆ ಹೇಳಿ? ಮಣ್ಣು, ಜಲ್ಲಿ ರಸ್ತೆಯಲ್ಲಂತೂ ಎಬಿಎಸ್ ಇರುವ ಗಾಡಿ ಇಲ್ಲದ ಗಾಡಿಗಿಂತ ಜಾಸ್ತಿ ದೂರ ಹೋಗಿ ನಿಲ್ಲಬಹುದು. ಯಾಕೆಂದರೆ ಜಾಮ್ ಆದ ಚಕ್ರ ತನ್ನ ಮುಂದೆ ಮಣ್ಣು ಗುಡ್ಡೆ ಹಾಕಿಕೊಂಡು ನಿಲ್ಲುತ್ತದೆ, ಉರುಳುವ ಚಕ್ರ ಹಾಗೆ ಮಾಡುವುದಿಲ್ಲ. ಸ್ಟೇರಿಂಗ್ ಕೈಯಲ್ಲಿ ಉಳಿಯುತ್ತದೆ ಅನ್ನೋದೇ ಇದರ ದೊಡ್ಡ ಲಾಭ. ಆದ್ದರಿಂದ ಕಣ ಕಂಡ ತಕ್ಷಣ ವೇಗ ಇಳಿಸಿ. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿ ನಿಲ್ಲುವ ದೂರ ನಾಲ್ಕರಷ್ಟಾಗುತ್ತದೆ. ಇನ್ನೊಮ್ಮೆ ಹೀಗಾದರೆ ಬ್ರೇಕನ್ನು ಪೂರ್ತಿ ತುಳಿದು ಹಾಗೇ ಹಿಡಿದಿರಿ, ಪೆಡಲ್ ಎಷ್ಟು ಒದ್ದರೂ ಬಿಡಬೇಡಿ, ಜಾಗ ಇರುವ ಕಡೆ ಸ್ಟೇರಿಂಗ್ ತಿರುಗಿಸಿ.

ಮತ್ತೆ ಗಾಡಿ ತೆಗೆಯುವ ಮುಂಚೆ ಕೆಳಗೆ ಬಗ್ಗಿ ನೋಡಿ. ರಾಗಿ ಹುಲ್ಲು ಆಕ್ಸಲ್‌ಗೆ ಸುತ್ತಿಕೊಂಡಿದ್ದರೆ ಸೆನ್ಸರ್ ವೈರನ್ನು ಎಳೆದು ಕೀಳಬಹುದು. ಸೈಲೆನ್ಸರ್ ಬಿಸಿಗೆ ತಾಗಿದರೆ ಬೆಂಕಿಯೂ ಹತ್ತಬಹುದು, ಎಂಜಿನ್ ತಣ್ಣಗಾದ ಮೇಲೆ ಎಲ್ಲಾ ಬಿಡಿಸಿ ತೆಗೆಯಿರಿ. ಆಮೇಲೆ ಕೀ ಆನ್ ಮಾಡಿ. ಹಳದಿ ಎಬಿಎಸ್ ದೀಪ ಒಮ್ಮೆ ಹತ್ತಿ ಆರಬೇಕು. ಆರದೆ ಉಳಿದರೆ ಮಾಮೂಲಿ ಬ್ರೇಕ್ ಇರುತ್ತದೆ, ಎಬಿಎಸ್ ಇರುವುದಿಲ್ಲ. ನಿಧಾನವಾಗಿ ಓಡಿಸಿಕೊಂಡು ಹೋಗಿ ತೋರಿಸಿ. ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದ್ದರೆ ಓಡಿಸಲೇಬೇಡಿ, ಮೆಕ್ಯಾನಿಕ್ಕನ್ನೇ ನಿಮ್ಮ ಮನೆ ಹತ್ತಿರ ಕರೆಸಿ.