ನೈಟ್ರೈಟ್ ಸೆನ್ಸರ್‌ಗೆ ಯಾವ ನ್ಯಾನೊಕಾಂಪೊಸಿಟ್ ಒಳ್ಳೆಯದು?

ನೀರಿನಲ್ಲಿರುವ ನೈಟ್ರೈಟ್ ಅಳೆಯುವ ಎಲೆಕ್ಟ್ರೋಡ್‌ಗೆ ಹಚ್ಚುವ ನ್ಯಾನೊಕಾಂಪೊಸಿಟ್‌ನಲ್ಲಿ, ಅಂದರೆ ಅತಿಸೂಕ್ಷ್ಮ ವಸ್ತುಗಳ ಮಿಶ್ರಣದಲ್ಲಿ, ಗ್ರಾಫೀನ್ (ಕಾರ್ಬನ್‌ನ ಅತಿ ತೆಳು ಹಾಳೆ) ಜೊತೆ ಕೋಬಾಲ್ಟ್ ಆಕ್ಸೈಡ್ ಹಾಕಲಾ, ನ್ಯಾನೊಟ್ಯೂಬ್ (ಕಾರ್ಬನ್‌ನದೇ ಸೂಕ್ಷ್ಮ ಕೊಳವೆ) ಜೊತೆ ಚಿನ್ನ ಹಾಕಲಾ ಅಂತ ಕೇಳಿದ್ದೀರಿ. ಸಿಗ್ನಲ್ ದಿನಕ್ಕೊಂದು ಥರ ಬರುತ್ತಿದೆ ಅಂತಲೂ ಬರೆದಿದ್ದೀರಿ. ಆ ಎರಡನೇ ಮಾತು ಓದಿ ವಿಜಯಪುರದ ನನ್ನ ಲ್ಯಾಬ್ ದಿನಗಳು ಕಣ್ಣ ಮುಂದೆ ಬಂದವು.

ನನ್ನದೂ ನೈಟ್ರೈಟ್ ಸೆನ್ಸರೇ. ಇಂಡಿ ಕಡೆ ನಮ್ಮ ಲಿಂಬೆ ತೋಟದ ಬೋರ್ ನೀರನ್ನು ಅದರಲ್ಲಿ ಅಳೆಯಬೇಕು ಅಂತ ಆಸೆ. ಗ್ರಾಫೀನ್, ಕೋಬಾಲ್ಟ್ ಆಕ್ಸೈಡ್ ಎರಡೂ ಪುಡಿ ನೀರಲ್ಲಿ ಕಲಸಿ, ಸೋನಿಕೇಟರ್‌ನಲ್ಲಿ (ಶಬ್ದದ ಅಲೆಗಳಿಂದ ಕಲಸುವ ಯಂತ್ರ) ಒಂದು ಗಂಟೆ ಇಟ್ಟು, 5 ಮೈಕ್ರೋಲೀಟರ್ ಹನಿಯನ್ನು ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್ ಮೇಲೆ ಬಿಟ್ಟು ಒಣಗಿಸಿದೆ. ಮೊದಲ ದಿನ 0.8 ವೋಲ್ಟ್ ಹತ್ತಿರ ಕರೆಂಟ್‌ನ ಗೆರೆಯಲ್ಲಿ ಎಂಥಾ ಪೀಕ್! ಮರುದಿನ ಅದೇ ಬಾಟಲಿಯಿಂದ ಹೊಸ ಹನಿ ಹಚ್ಚಿದರೆ ಅರ್ಧ. ಮೂರನೇ ದಿನ ಇನ್ನೂ ಕಡಿಮೆ. ಮೆಟೀರಿಯಲ್ಲೇ ಕೆಟ್ಟಿದೆ ಅಂದುಕೊಂಡು ಮತ್ತೆ ತಯಾರಿಸಿದೆ. ಪ್ರತಿ ಬ್ಯಾಚಿಗೂ ಅದೇ ಕಥೆ. ನಾಲ್ಕು ತಿಂಗಳು ಹೋಯಿತು.

ಒಂದು ಮುಂಜಾನೆ ಬಾಟಲಿಯನ್ನು ಕಿಟಕಿ ಬೆಳಕಿಗೆ ಹಿಡಿದೆ. ತಳದಲ್ಲಿ ಕಪ್ಪು ಕೆಸರು, ಮೇಲೆ ತೆಳು ಬೂದು ನೀರು. ಕೋಬಾಲ್ಟ್ ಆಕ್ಸೈಡ್ ನೀರಿಗಿಂತ ಸುಮಾರು ಆರು ಪಟ್ಟು ಭಾರ, ರಾತ್ರಿ ಕಳೆಯುವಷ್ಟರಲ್ಲಿ ತಳ ಹಿಡಿದಿತ್ತು. ಕಟ್ಟಿನ ಸಾರು ಕಲಕದೆ ಬಡಿಸಿದರೆ ಪಂಕ್ತಿಯಲ್ಲಿ ಮೊದಲು ಕುಳಿತವರಿಗೆ ತಿಳಿ, ಕೊನೆಯವರಿಗೆ ಬರೀ ಗಸಿ ಅಲ್ವಾ? ನಾನು ದಿನಾ ಪಿಪೆಟ್ ಇಳಿಸಿದ್ದು ಮೇಲಿನ ತಿಳಿಗೆ. ಮೊದಲ ದಿನ ಹಚ್ಚಿದ್ದು ಕಾಂಪೊಸಿಟ್, ಮೂರನೇ ದಿನ ಹಚ್ಚಿದ್ದು ಹೆಚ್ಚುಕಮ್ಮಿ ಬರೀ ಗ್ರಾಫೀನ್. ನೋಟ್‌ಬುಕ್‌ನಲ್ಲಿ ಎರಡಕ್ಕೂ ಒಂದೇ ಹೆಸರು. ಬರೀ ಗ್ರಾಫೀನ್ ಹಚ್ಚಿ ಒಂದೇ ಒಂದು ಸಲ ಓಡಿಸಿದ್ದರೆ, ಮೂರನೇ ದಿನದ ಗೆರೆ ಅದೇ ಅಂತ ಅವತ್ತೇ ಗೊತ್ತಾಗುತ್ತಿತ್ತು. ಹೋಲಿಕೆಗೆ ಬೇಕಾದ ಆ ಒಂದು ಕಂಟ್ರೋಲ್ ಪ್ರಯೋಗ ನಾನು ಮಾಡಿರಲಿಲ್ಲ.

ಹಾಗಾಗಿ ಯಾವ ಮೆಟೀರಿಯಲ್ ಅನ್ನೋ ಪ್ರಶ್ನೆ ಈಗ ಬಿಡಿ. ಎಲೆಕ್ಟ್ರೋಡನ್ನು 0.05 ಮೈಕ್ರಾನ್ ಅಲ್ಯೂಮಿನಾ ಪುಡಿಯಲ್ಲಿ ಉಜ್ಜಿ, ಚೊಕ್ಕ ಆಗಿದೆಯಾ ಅಂತ ಫೆರಿಸೈನೈಡ್ ದ್ರಾವಣದಲ್ಲಿ ವೋಲ್ಟೇಜ್ ಏರಿಸಿ ಇಳಿಸಿ ನೋಡಿ. ಏರುವಾಗ, ಇಳಿಯುವಾಗ ಬರುವ ಎರಡು ಪೀಕ್‌ಗಳ ಅಂತರ ಲೆಕ್ಕದ ಪ್ರಕಾರ 59 ಮಿಲಿವೋಲ್ಟ್. ನೂರು ದಾಟಿದರೆ ಮತ್ತೆ ಉಜ್ಜಿ, ಏನನ್ನೂ ಹಚ್ಚಬೇಡಿ. ಆಮೇಲೆ ಬರೀ ಗ್ರಾಫೀನ್, ಬರೀ ಆಕ್ಸೈಡ್, ಕೊನೆಗೆ ಎರಡೂ. ಪ್ರತಿ ಹನಿಗೂ ಮುಂಚೆ ಸೋನಿಕೇಟ್ ಮಾಡಿ. ಆಕ್ಸೈಡನ್ನು ಗ್ರಾಫೀನ್ ಹಾಳೆಯ ಮೇಲೇ ಬೆಳೆಸಿಕೊಂಡರೆ ಇನ್ನೂ ವಾಸಿ, ಅಷ್ಟು ಸುಲಭವಾಗಿ ಬೇರೆಯಾಗಲ್ಲ. ಮೂರು-ನಾಲ್ಕು ವಸ್ತು ಸೇರಿಸುವುದು ನನಗೆ ಸುತರಾಂ ಒಪ್ಪಿಗೆ ಇಲ್ಲ. ಯಾವುದು ಕೆಲಸ ಮಾಡಿತು ಅಂತ ಯಾರಿಗೂ ತಿಳಿಯಲ್ಲ.

ನ್ಯಾನೊಮೋಲಾರ್‌ನಷ್ಟು ಅತಿ ಕಡಿಮೆ ಪ್ರಮಾಣ ಅಳೆಯುವುದರ ಬೆನ್ನು ಹತ್ತಲೂ ಬೇಡಿ. ಕುಡಿಯುವ ನೀರಿನ ನೈಟ್ರೈಟ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಲೀಟರಿಗೆ 3 ಮಿಲಿಗ್ರಾಂ, ಅಂದರೆ ಸುಮಾರು 65 ಮೈಕ್ರೋಮೋಲಾರ್, ನ್ಯಾನೊಮೋಲಾರ್‌ಗಿಂತ ಎಷ್ಟೋ ಸಾವಿರ ಪಟ್ಟು ದೊಡ್ಡದು. ನಮ್ಮ ಕಡೆಯ ಗಡಸು ಬೋರ್ ನೀರಿಗೆ ಬಫರ್‌ನಲ್ಲಿ (ಲ್ಯಾಬಿನ ಶುದ್ಧ ದ್ರಾವಣ) ಅಳೆದು ಹಾಕಿದ ಗ್ರಾಫ್ ನಂಬಬೇಡಿ. ಅದೇ ನೀರಿಗೆ ಗೊತ್ತಿರುವಷ್ಟು ನೈಟ್ರೈಟ್ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಅಳೆಯಿರಿ.